ಉಳವಿಯ ಹಾದಿ ಮತ್ತು ಹೇರಿನ ವಿವೇಕ

ಕಲ್ಯಾಣವನ್ನು ತೊರೆದು ಹೊರಟ ಶರಣರು ತಮ್ಮೊಡನೆ ಏನನ್ನು ಹೊತ್ತು ತಂದರು ಎಂಬುದನ್ನು ಉಳವಿಗೆ ಹೋಗುವ ಪ್ರತಿಯೊಬ್ಬ ಯಾತ್ರಿಕನೂ ಒಮ್ಮೆಯಾದರೂ ಆಲೋಚಿಸಬೇಕು. 12ನೆಯ ಶತಮಾನದಲ್ಲಿ, ಬಿಜ್ಜಳನ ಹತ್ಯೆಯ ತರುವಾಯ, ಚನ್ನಬಸವಣ್ಣನವರ ಮುಂದಾಳ್ತನದಲ್ಲಿ ಅಕ್ಕನಾಗಮ್ಮನವರನ್ನು ಒಡಗೊಂಡು ಪಡುವಣದ ಅಡವಿಯತ್ತ ನಡೆದ ಆ ಸಮೂಹವು ಹೊನ್ನನ್ನು ಹೊರಲಿಲ್ಲ, ಪಾತ್ರೆಪಡಗಗಳನ್ನು ಹೊರಲಿಲ್ಲ. ವಚನಗಳ ತಾಡೋಲೆಯ ಕಟ್ಟುಗಳನ್ನು ಹೊತ್ತು ತಂದಿತು ಎಂದು ನಮ್ಮ ಪರಂಪರೆ ನಂಬಿಕೊಂಡು ಬಂದಿದೆ. ಬೆನ್ನಟ್ಟಿ ಬರುವವರ ಭಯವಿರುವಾಗ ಯಾವುದನ್ನು ಎತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ನಿರ್ಣಯವೇ ಒಂದು ದರ್ಶನ. ಹಗುರವಾದುದನ್ನೂ ಅಮೂಲ್ಯವಾದುದನ್ನೂ ಆರಿಸಿಕೊಂಡವರು ಅವರು.

ಉಳವಿಯು ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನಲ್ಲಿದೆ. ಹಿರಿಯರು ಈ ತಾಲೂಕನ್ನು ಇಂದಿಗೂ ಸೂಪಾ ಎಂದೇ ಕರೆಯುವುದುಂಟು. ಆ ಹಳೆಯ ಸೂಪಾ ಊರು ಕಾಳೀನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋಗಿದೆ. ಧಾರವಾಡದಿಂದ ಹಳಿಯಾಳ, ದಾಂಡೇಲಿ, ಗಣೇಶಗುಡಿ, ಜೋಯಿಡಾಗಳನ್ನು ಹಾಯ್ದು ಹೋಗುವ ಹಾದಿಯು ಮೊದಲಿಗೆ ಹತ್ತಿ, ಗೋವಿನಜೋಳ, ಕಬ್ಬುಗಳ ಬಯಲಿನಲ್ಲಿ ಸಾಗಿ, ಬರಬರುತ್ತ ತೇಗ, ಮತ್ತಿ, ಬಿದಿರುಗಳ ದಟ್ಟಣೆಯೊಳಗೆ ಹೊಗುತ್ತದೆ. ಈ ಅರಣ್ಯದ ಬಹುಭಾಗವು 2007ರಲ್ಲಿ ಹುಲಿಸಂರಕ್ಷಿತ ಪ್ರದೇಶವಾಯಿತು. 2015ರಿಂದ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂಬ ಹೆಸರು. ಕ್ಷೇತ್ರದಲ್ಲಿ ಚನ್ನಬಸವಣ್ಣನವರ ಐಕ್ಯಸ್ಥಳವಿದೆ. ಸುತ್ತಲಿನ ಕಾಡಿನಲ್ಲಿ ಅಕ್ಕನಾಗಮ್ಮನ ಗವಿ, ಮಹಾಮನೆಯ ಗವಿ, ಆಕಳ ಗವಿಗಳಿವೆ.

ನದಿಯಲ್ಲಿ ಮುಳುಗಿದರೆ, ಗುಡಿಯನ್ನು ಸುತ್ತಿದರೆ ಮುಕ್ತಿಯೆಂಬ ಭಾವವನ್ನು ಶರಣರು ಒಪ್ಪಿದವರಲ್ಲ. ಅಂಗದ ಮೇಲೆ ಇಷ್ಟಲಿಂಗವಿರುವಾಗ ದೇವರನ್ನು ಅರಸಿ ಊರೂರು ಅಲೆಯುವ ಅಗತ್ಯವೆಲ್ಲಿಯದು? ಹಾಗಾದರೆ ಉಳವಿಗೆ ಹೋಗುವುದೇಕೆ ಎಂದು ತರುಣರು ಕೇಳುವುದುಂಟು. ದೇವರನ್ನು ಹುಡುಕಲೆಂದಲ್ಲ, ನಮಗಾಗಿ ನಡೆದವರ ಹೆಜ್ಜೆಯನ್ನು ನೆನೆಯಲೆಂದು. ಹಲವು ಊರುಗಳ ಮಂದಿ ಒಂದೆಡೆ ಕೂಡಿ ಉಣ್ಣಲೆಂದು, ಉಣ್ಣಿಸಲೆಂದು. ಯಾತ್ರೆಯ ತಿರುಳು ದಾಸೋಹದಲ್ಲಿದೆ.

ಮಾಘಮಾಸದಲ್ಲಿ, ಭಾರತ ಹುಣ್ಣಿಮೆಯ ಸುಮಾರಿಗೆ ನಡೆಯುವ ಜಾತ್ರೆಗೆ ಧಾರವಾಡ, ಬೆಳಗಾವಿ, ಹಾವೇರಿಗಳ ಕಡೆಯ ಒಕ್ಕಲುಮಕ್ಕಳು ಚಕ್ಕಡಿಗಳನ್ನು ಹೂಡಿಕೊಂಡು ಬರುವ ನೋಟವು ನಾಡಿನಲ್ಲಿಯೇ ಅಪೂರ್ವವಾದುದು. ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬೆನ್ನಿಗೆ ಜೂಲು ಹೊದ್ದ ಎತ್ತುಗಳು. ಚಕ್ಕಡಿಯಲ್ಲಿ ಖಡಕ್ ರೊಟ್ಟಿ, ಶೇಂಗಾದ ಹಿಂಡಿ, ಮಾದಲಿ, ಕರ್ಚಿಕಾಯಿಗಳ ಬುಟ್ಟಿಗಳು. ಈಗ ಅದೇ ಹಾದಿಯಲ್ಲಿ ಮೋಟಾರುಬೈಕುಗಳೂ ಬಹಳವಾಗಿವೆ. ಚಕ್ಕಡಿಗೆ ಹಲವು ದಿನಗಳ ಪಯಣವಾದುದು ಬೈಕಿಗೆ ಅರ್ಧ ದಿನದ್ದು. ಹೊಲದ ಕೆಲಸವಿದ್ದವರು, ನೌಕರಿಯಲ್ಲಿದ್ದವರು ಇದನ್ನೇ ನೆಚ್ಚಿದ್ದಾರೆ. ಆದರೆ ಚಕ್ಕಡಿಯ ಹೇರನ್ನೇ ಬೈಕಿನ ಬೆನ್ನಿಗೂ ಬಿಗಿಯುವವರನ್ನು ಕಂಡಾಗ ಈ ಲೇಖನದ ಅಗತ್ಯ ತೋರಿತು.

ಕೆಲವು ವರುಷಗಳ ಹಿಂದೆ ಜೋಯಿಡಾ ದಾಟಿದ ಮೇಲಿನ ಒಂದು ಏರುತಿರುವಿನಲ್ಲಿ ನಾವು ಕುಳಿತಿದ್ದ ವಾಹನವನ್ನು ನಿಲ್ಲಿಸಬೇಕಾಯಿತು. ಎಳೆಯ ದಂಪತಿಗಳ ಬೈಕೊಂದು ಮಗ್ಗುಲಾಗಿ ಬಿದ್ದಿತ್ತು. ಹಿಂಬದಿಯ ಕ್ಯಾರಿಯರಿನ ಮೇಲೆ ಬಿಗಿದ 20 ಕಿಲೋ ಜೋಳದ ಚೀಲ ಹರಿದು, ಕಾಳು ದಾರಿಯ ತುಂಬ ಚೆಲ್ಲಿತ್ತು. ತಿರುವಿನಲ್ಲಿ ವೇಗವೇನೂ ಇರಲಿಲ್ಲ. ಮುಂದಿನ ಗಾಲಿ ಹೇಳಿದ ಮಾತು ಕೇಳದೆ ಹೋಯಿತೆಂದು ಆ ತರುಣ ಹೇಳಿದ. ಹೆಣ್ಣುಮಗಳ ಕಾಲು ತರಚಿತ್ತು, ಅಷ್ಟೆ. ಆದರೆ ಬಿದ್ದ ಕಡೆಯಿಂದ ನಾಲ್ಕು ಮಾರು ಆಚೆಗೆ ಇಳಿಜಾರು ಕಣಿವೆಯಿತ್ತು. ಅವರ ಎರಡು ವರುಷದ ಕೂಸು ಊರಲ್ಲಿ ಅಜ್ಜಿಯ ಮಡಿಲಲ್ಲಿತ್ತು. ಆಕೆ ಮಾತ್ರ ನೋವನ್ನು ಮರೆತು ಸೆರಗಿನಲ್ಲಿ ಕಾಳು ಆಯುತ್ತಿದ್ದಳು. “ಹರಕಿ ಜ್ವಾಳರಿ, ದಾಸೋಹಕ್ಕ ಮುಟ್ಟಬೇಕು” ಎಂದಳು.

ಹಿಂದೆ ಬರುತ್ತಿದ್ದ ಚಕ್ಕಡಿಯೊಂದು ನಿಂತಿತು. ಅದರ ಯಜಮಾನ ಎಪ್ಪತ್ತು ದಾಟಿದವರು. ಬೈಕನ್ನೊಮ್ಮೆ ಸುತ್ತಿ ನೋಡಿ, “ತಮ್ಮಾ, ಹೇರು ಅಚ್ಚಿನ ಹಿಂದ ಬಿದ್ದೈತಿ ನೋಡು” ಎಂದರು.

“ಹಗ್ಗ ಗಟ್ಟಿ ಬಿಗದಿದ್ನಿರಿ ಅಜ್ಜಾರ” ಎಂದ ತರುಣ.

“ಹಗ್ಗದ ಮಾತಲ್ಲ. ಚಕ್ಕಡ್ಯಾಗ ಹೇರು ಹಿಂದಾದರ ನೊಗ ಮ್ಯಾಲ ಏಳತೈತಿ, ಎತ್ತಿನ ಕೊರಳು ಬಿಗೀತೈತಿ. ಎತ್ತು ನಿಂತು ಹೇಳತೈತಿ. ನಿನ್ನ ಗಾಡಿಗೆ ಕೊರಳಿಲ್ಲ, ಅದು ಹ್ಯಾಂಗ ಹೇಳಬೇಕು?”

ಆ ಮೇಲೆ ಉಳಿದ ಜೋಳವನ್ನು ತಮ್ಮ ಚಕ್ಕಡಿಗೆ ಹಾಕಿಸಿಕೊಂಡು ಆ ಹೆಣ್ಣುಮಗಳಿಗೆ, “ತಂಗೀ, ಹರಕಿ ನಾವು ಮುಟ್ಟಸ್ತೀವಿ. ಮೊದಲ ನೀವು ಮುಟ್ರಿ” ಎಂದರು.

ಯಂತ್ರಶಾಸ್ತ್ರ ಹೇಳುವುದನ್ನೇ ಆ ಹಿರಿಯರು ಹೇಳಿದರು. ಬೈಕಿನ ಎರಡು ಅಚ್ಚುಗಳ ನಡುವಿನ ಅಂತರ ಸುಮಾರು 140 ಸೆಂಟಿಮೀಟರ್ ಎಂದು ಇಟ್ಟುಕೊಳ್ಳೋಣ. ಕ್ಯಾರಿಯರಿನ ಮೇಲಿನ ಹೇರಿನ ನಡುಬಿಂದು ಹಿಂದಿನ ಅಚ್ಚಿಗಿಂತ 30 ಸೆಂಟಿಮೀಟರ್ ಹಿಂದಕ್ಕೆ ಇದೆಯೆನ್ನೋಣ. ಅಲ್ಲಿ 20 ಕಿಲೋ ಇಟ್ಟರೆ ಹಿಂದಿನ ಗಾಲಿಯ ಮೇಲೆ ಬೀಳುವುದು 20 ಅಲ್ಲ, 24 ಕಿಲೋಗೂ ಹೆಚ್ಚು. ಆ ಹೆಚ್ಚಿನ 4 ಕಿಲೋ ಬಂದುದು ಎಲ್ಲಿಂದ? ಮುಂದಿನ ಗಾಲಿಯಿಂದ. ಹಿಂದಿನ ಅಚ್ಚನ್ನು ಆಸರೆಯಾಗಿ ಮಾಡಿಕೊಂಡು ಹೇರು ಸನ್ನೆಗೋಲಿನಂತೆ ಮುಂಭಾಗವನ್ನು ಮೇಲೆತ್ತುತ್ತದೆ. ದಾರಿ ತೋರಿಸುವ ಗಾಲಿಯೂ, ಬ್ರೇಕು ಹಿಡಿದಾಗ ಬಹುಪಾಲು ತಡೆಯುವ ಗಾಲಿಯೂ ಮುಂದಿನದೇ. ಅದರ ನೆಲದ ಹಿಡಿತ ಕಡಿಮೆಯಾದರೆ ಬಾಗುವಿಕೆಯೂ ಕೆಡುತ್ತದೆ, ನಿಲ್ಲುವಿಕೆಯೂ ಕೆಡುತ್ತದೆ. ಏರುದಾರಿಯಲ್ಲಿ ಭಾರವು ತಾನಾಗಿ ಇನ್ನಷ್ಟು ಹಿಂದಕ್ಕೆ ಸರಿಯುತ್ತದೆ. ಹೇರು ಎತ್ತರದಲ್ಲಿದ್ದರಂತೂ ತಿರುವಿನಲ್ಲಿ ಬೈಕು ಒಮ್ಮೆ ವಾಲಿದರೆ ಮರಳಿ ನೆಟ್ಟಗಾಗಲು ತಡವರಿಸುತ್ತದೆ. ವೇಗದಲ್ಲಿ ಹಿಡಿಕೆ ಅದುರುವುದಕ್ಕೂ ಇದು ಕಾರಣವಾಗಬಲ್ಲುದು.

ಕ್ಯಾರಿಯರು ಗಟ್ಟಿಯಾಗಿ ಕಂಡಿತೆಂದು ಭಾರವನ್ನು ನಿರ್ಣಯಿಸಬಾರದು. ಅದಕ್ಕೆ ಎಷ್ಟು ಭಾರ ಸಲ್ಲುತ್ತದೆಂಬುದನ್ನು ತಯಾರಕರು ಕ್ಯಾರಿಯರಿನ ಮೇಲಿನ ಚೀಟಿಯಲ್ಲಿಯೋ ವಾಹನದೊಡನೆ ಕೊಟ್ಟ ಪುಸ್ತಕದಲ್ಲಿಯೋ ನಮೂದಿಸಿರುತ್ತಾರೆ. ಓದಿದವರು ಆ ಅಂಕಿ ಇಷ್ಟು ಸಣ್ಣದೇ ಎಂದು ಅಚ್ಚರಿಪಡುವುದೇ ಹೆಚ್ಚು. ಕ್ಯಾರಿಯರಿನ ಮೇಲೆ ಪೆಟ್ಟಿಗೆಯನ್ನು ಕೂರಿಸಿದ್ದರೆ ಆ ಬರಿದಾದ ಪೆಟ್ಟಿಗೆಯ ತೂಕವೂ ಲೆಕ್ಕಕ್ಕೆ ಸೇರುತ್ತದೆ. ಕುಣಿಯ ರಸ್ತೆಯಲ್ಲಿ ಹೇರು ಪುಟಿದು ಬೀಳುವಾಗ ಕೊಡುವ ಪೆಟ್ಟು ಅದರ ತೂಕಕ್ಕಿಂತ ಬಹಳ ದೊಡ್ಡದು. ಕ್ಯಾರಿಯರಿನ ಬೋಲ್ಟು ಸಡಿಲಾಗುವುದು, ಬೆಸುಗೆ ಬಿಡುವುದು ಹೀಗೆಯೇ.

ಇದಲ್ಲದೆ ವಾಹನ ಒಟ್ಟು ಹೊರಬಲ್ಲ ಭಾರದ ಅಂಕಿಯೊಂದಿದೆ. ಅದರಲ್ಲಿ ಸವಾರ, ಹಿಂದೆ ಕುಳಿತವರು, ಸಾಮಾನು ಎಲ್ಲವೂ ಅಡಕ. ಉದಾಹರಣೆಗೆ ಪುಸ್ತಕದಲ್ಲಿ 170 ಕಿಲೋ ಎಂದಿದ್ದು, ಗಂಡ 72, ಹೆಂಡತಿ 60 ಕಿಲೋ ತೂಗಿದರೆ ಉಳಿದುದು 38. ಈ 38 ಕಿಲೋವನ್ನು ಕ್ಯಾರಿಯರಿನ ಮೇಲೆಯೇ ಹೇರಬಹುದೆಂದು ಅರ್ಥವಲ್ಲ. ಕ್ಯಾರಿಯರಿನ ಪಾಲು ಅದರಲ್ಲಿ ಸಣ್ಣದೊಂದು ಭಾಗ ಮಾತ್ರ.

ಹಾಗಾದರೆ ಹೇರುವ ಕ್ರಮವೇನು? ಭಾರವಾದುದು ಕೆಳಗೆ ಮತ್ತು ಮುಂದೆ, ಹಗುರವಾದುದು ಮೇಲೆ ಮತ್ತು ಹಿಂದೆ. ನೀರು, ಹಿಟ್ಟು, ಉಪಕರಣಗಳು ಎರಡೂ ಮಗ್ಗುಲಿನ ಚೀಲಗಳ ತಳಕ್ಕೆ, ಆದಷ್ಟು ಹಿಂದಿನ ಅಚ್ಚಿಗಿಂತ ಮುಂದಕ್ಕೆ ಹೋಗಲಿ. ಎರಡೂ ಚೀಲಗಳ ತೂಕ ಸಮನಾಗಿರಲಿ. ಮನೆಯ ತಕ್ಕಡಿಯಲ್ಲಿ ತೂಗಿಯೇ ನೋಡಬಹುದು. ಕ್ಯಾರಿಯರಿನ ಮೇಲೆ ಹೊದಿಕೆ, ಒಗೆದ ಬಟ್ಟೆ, ಖಡಕ್ ರೊಟ್ಟಿಯ ಗಂಟು ಸಾಕು. ಹಿಂದೆ ಯಾರೂ ಕುಳಿತಿರದಿದ್ದರೆ ಗಂಟನ್ನು ಕ್ಯಾರಿಯರಿನಿಂದ ತೆಗೆದು ಸೀಟಿನ ಮೇಲೆಯೇ ಬಿಗಿಯುವುದು ಲೇಸು.

ಬಿಗಿಯಲು ಸೈಕಲ್ ಟ್ಯೂಬಿನ ಪಟ್ಟಿಯನ್ನೊಂದನ್ನೇ ನೆಚ್ಚಬಾರದು. ಅದು ಹಿಗ್ಗುವಂಥದು, ತಿರುವಿನಲ್ಲಿ ಹೇರನ್ನು ಸರಿಯಗೊಡುತ್ತದೆ. ಹಿಗ್ಗದ ಪಟ್ಟಿಯನ್ನೋ ಹಗ್ಗವನ್ನೋ ಎರಡು ಕಡೆ ಅಡ್ಡಹಾಯಿಸಿ ಕಟ್ಟಬೇಕು. ಉಳಿದ ತುದಿಗಳನ್ನು ಮಡಚಿ ಒಳಸೇರಿಸಬೇಕು. ಜೋತುಬಿದ್ದ ತುದಿ ಚೈನಿಗೋ ಕಡ್ಡಿಗಳಿಗೋ ಸಿಕ್ಕಿದರೆ ಗಾಲಿ ಒಮ್ಮೆಲೆ ನಿಲ್ಲುತ್ತದೆ. ಪ್ಲಾಸ್ಟಿಕ್ ಚೀಲ ಸೈಲೆನ್ಸರಿಗೆ ತಾಗದಿರಲಿ. ಹೊರಟು 10–15 ಕಿ.ಮೀ. ಆದ ಮೇಲೆ ಒಮ್ಮೆ ನಿಂತು, ಕುಸಿದ ಗಂಟನ್ನು ಮತ್ತೆ ಬಿಗಿಯಬೇಕು. ಹೊರಡುವ ಮುನ್ನ ತಣ್ಣನೆಯ ಟೈರಿಗೆ ಪುಸ್ತಕದಲ್ಲಿ ಇಬ್ಬರ ಸವಾರಿಗೆ ಹೇಳಿದಷ್ಟು ಗಾಳಿ ತುಂಬಿಸಬೇಕು. ಹಿಂದಿನ ಸ್ಪ್ರಿಂಗನ್ನು ಭಾರಕ್ಕೆ ತಕ್ಕಂತೆ ಬಿಗಿಗೊಳಿಸಬೇಕು. ಹಿಂಭಾಗ ಕುಸಿದರೆ ದೀಪದ ಬೆಳಕು ಮೇಲಕ್ಕೆದ್ದು ಎದುರು ಬರುವ ಚಕ್ಕಡಿಯ ಎತ್ತಿನ ಕಣ್ಣಿಗೆ ಹೊಡೆಯುತ್ತದೆ.

ನಮ್ಮ ಹೆಣ್ಣುಮಕ್ಕಳ ಸೀರೆಯ ವಿಚಾರವನ್ನು ಇಲ್ಲಿ ಮರೆಯುವಂತಿಲ್ಲ. ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮರೆ ಇರಬೇಕು, ಹಿಡಿಯಲು ಹಿಡಿಕೆ, ಕಾಲಿಡಲು ಮೆಟ್ಟು ಇರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಮಗ್ಗುಲ ಚೀಲ ಕಟ್ಟಲೆಂದು ಈ ಮರೆಯನ್ನು ಬಿಚ್ಚಿ ಮನೆಯಲ್ಲಿ ಇಡುವವರಿದ್ದಾರೆ. ಚೀಲ ಉಳಿಸಿಕೊಂಡು ಸೆರಗನ್ನು ಗಾಲಿಗೆ ಕೊಡುವ ಬುದ್ಧಿ ಅದು. 1988ರ ಮೋಟಾರು ವಾಹನ ಕಾಯ್ದೆಯಂತೆ ಸವಾರನ ಹಿಂದೆ ಒಬ್ಬರೇ ಕುಳಿತುಕೊಳ್ಳತಕ್ಕದ್ದು, ಇಬ್ಬರಿಗೂ ಶಿರಸ್ತ್ರಾಣ ಕಡ್ಡಾಯ. ನಾಲ್ಕು ವರುಷದೊಳಗಿನ ಮಗುವನ್ನು ಕೂರಿಸಿಕೊಂಡರೆ ಸುರಕ್ಷಾಪಟ್ಟಿ ತೊಡಿಸಬೇಕು, ಗಂಟೆಗೆ 40 ಕಿ.ಮೀ. ಮೀರಬಾರದು ಎಂಬ ನಿಯಮವು 2022ರಲ್ಲಿ ಪ್ರಕಟವಾಯಿತು. ಕೂಸಿರುವ ಕುಟುಂಬವು ಬಸ್ಸಿನಲ್ಲಿಯೋ ಚಕ್ಕಡಿಯಲ್ಲಿಯೋ ಹೋಗುವುದೇ ಮೇಲು.

ಜೋಯಿಡಾದಿಂದಾಚೆಗೆ ದಾರಿ ಕಿರಿದು. ಮಾಘದ ಮುಂಜಾವಿನಲ್ಲಿ ಇಬ್ಬನಿ ಬಿದ್ದು ರಸ್ತೆ ನುಣುಪಾಗಿರುತ್ತದೆ. ಕಾಡುಕೋಣಗಳು ಅಡ್ಡ ಬರುವುದುಂಟು. ಹೇರಿದ ಬೈಕು ನಿಲ್ಲಲು ಹೆಚ್ಚು ದೂರ ಬೇಡುತ್ತದೆಂಬುದನ್ನು ನೆನೆದು ಹಗಲಿನಲ್ಲಿಯೇ, ನಿಧಾನವಾಗಿಯೇ ಸಾಗಬೇಕು. ಚಕ್ಕಡಿಗಳ ಸಾಲು ಎದುರಾದಾಗ ಹಾರ್ನು ಬಾರಿಸಬಾರದು. ಬೆದರಿದ ಎತ್ತು ಚಕ್ಕಡಿಯನ್ನೆಲ್ಲ ಕಂದಕಕ್ಕೆ ಎಳೆದೀತು.

ದಾಸೋಹಕ್ಕೆ ಧಾನ್ಯ ಒಪ್ಪಿಸಬೇಕೆಂಬ ಭಾವ ದೊಡ್ಡದು. ಅದನ್ನು ಕುಂದಿಸಲೆಂದು ಇದನ್ನು ಬರೆದುದಲ್ಲ. ಆದರೆ ಹೊರುವವನನ್ನು ಕೆಡವಿ ಬರುವ ಕಾಳು ದಾಸೋಹವನ್ನು ಬೆಳಗಲಾರದು. ನಮ್ಮ ಊರೂರುಗಳಿಂದ ಚಕ್ಕಡಿಗಳು ಹೇಗೂ ಹೊರಡುತ್ತವೆ, ಟ್ರ್ಯಾಕ್ಟರುಗಳು ಹೊರಡುತ್ತವೆ. ಓಣಿಯ ಮನೆಗಳು ಕೂಡಿ ಜೋಳ, ಅಕ್ಕಿ, ಬೆಲ್ಲಗಳನ್ನು ಅವುಗಳಲ್ಲಿ ಕಳುಹಿಸಲಿ. ಬೈಕಿನವರು ಹಗುರಾಗಿ ಹೋಗಿ ದಾಸೋಹದ ಮನೆಯಲ್ಲಿ ರೊಟ್ಟಿ ಬಡಿಯಲು, ನೀರು ಹೊರಲು, ಎಲೆ ಎತ್ತಲು ಕೈಯಾಗಲಿ. ಧಾನ್ಯ ಕೊಟ್ಟವನ ಕಾಯಕಕ್ಕಿಂತ ಇದೇನೂ ಕಿರಿದಲ್ಲ. ಇಷ್ಟಲಿಂಗದ ಕರಡಿಗೆಯನ್ನು ಮಾತ್ರ ಯಾವ ಚೀಲಕ್ಕೂ ಹಾಕಬೇಡಿ. ಅದರ ತಾವು ಎದೆಯ ಮೇಲೆ.

ಬರುವ ಮಾಘದಲ್ಲಿ ಉಳವಿಗೆ ಹೊರಡುವ ತರುಣರು ಹಿಂದಿನ ಸಂಜೆಯೇ ಸಾಮಾನನ್ನೆಲ್ಲ ಅಂಗಳದಲ್ಲಿ ಹರವಿ, ಮನೆಯ ಹಿರಿಯರೊಬ್ಬರನ್ನು ಕರೆದು ತೋರಿಸಲಿ. ಚಕ್ಕಡಿ ಹೂಡಿದ ಕೈಗಳು ಇನ್ನೂ ನಮ್ಮ ಮನೆಗಳಲ್ಲಿವೆ. ಯಾವುದು ಅಚ್ಚಿನ ಹಿಂದೆ ಬಿದ್ದಿದೆ, ಯಾವುದು ಬೇಡವೇ ಬೇಡ ಎಂಬುದನ್ನು ಅವು ಒಂದೇ ನೋಟಕ್ಕೆ ಎತ್ತಿ ಬದಿಗಿಟ್ಟಾವು.