ವೆಬ್‌ಸೈಟಿಗೆ ಜನ ಬರಬೇಕಂದ್ರೆ...

ಸಕಲೇಶಪುರದ ಕಡೆ ಹೋಂಸ್ಟೇ ಹುಡುಕ್ತಾ ಕೂತಿದ್ದೀನಿ. ಒಂದು ವೆಬ್‌ಸೈಟ್ ತೆರೆದರೆ ಮಂಜು, ಕಾಫಿ ತೋಟ, ಡ್ರೋನ್ ವಿಡಿಯೊ ಎಲ್ಲ ಇದೆ. ಬಾಡಿಗೆ ಎಷ್ಟು, ರೈಲ್ವೆ ಸ್ಟೇಷನ್ನಿಂದ ಎಷ್ಟು ದೂರ, ಮಳೆಗಾಲದಲ್ಲಿ ಕಾರು ಗೇಟಿನ ತನಕ ಹೋಗುತ್ತಾ? ಒಂದಕ್ಕೂ ಉತ್ತರ ಇಲ್ಲ. ಊಟದ ಮೆನು ಇದೆ, ಅದೂ ಫೋಟೊದೊಳಗೆ!

ಗೂಗಲ್‌ನಲ್ಲಿ ಹುಡುಕಿದಾಗ ತಮ್ಮ ಸೈಟ್ ಮೇಲೆ ಬರಲಿ ಅಂತ ಪುಟದ ಕೋಡ್‌ನಲ್ಲಿ ಇನ್ನೂ ಕೀವರ್ಡ್ ಟ್ಯಾಗ್ ತುಂಬಿಸೋರಿದ್ದಾರೆ. ರ‍್ಯಾಂಕಿಂಗ್‌ಗೆ ಅದನ್ನ ನೋಡೋದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿದೆ. ಅದರ ಬದಲು ಗಿರಾಕಿಗಳು ಫೋನಿನಲ್ಲಿ ದಿನಾ ಕೇಳೋ ಪ್ರಶ್ನೆಗಳನ್ನ ಉತ್ತರ ಸಮೇತ ಬರೆದು ಹಾಕಿ, ಕನ್ನಡದಲ್ಲೂ ಹಾಕಿ. ಜನ ಟೈಪ್ ಮಾಡಿ ಹುಡುಕೋದೂ ಅವನ್ನೇ ತಾನೇ?

ವ್ಯಾಪಾರ ಮಾಡೋರು ಹೇಳಿ, ನಿಮಗೆ ಅತಿ ಹೆಚ್ಚು ಬರೋ ಪ್ರಶ್ನೆ ಯಾವುದು?