ಬಿಸಿಲಿಗೆ ಕಟ್ಟಿದ ಹಾಯಿ

ಬಿಸಿಲಿನ ಬೆಲೆ ನಮ್ಮ ಹೆಂಗಸರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರಲಾರದು. ಹಪ್ಪಳ, ಸಂಡಿಗೆ, ಮೆಣಸಿನಕಾಯಿ, ಮಳೆಗಾಲದಲ್ಲಿ ಮುಗ್ಗಲು ಹಿಡಿದ ಹಾಸಿಗೆ ಎಲ್ಲಕ್ಕೂ ಅದೇ ಬೇಕು. ಬಿಸಿಲು ಒಣಗಿಸುತ್ತದೆ, ಸುಡುತ್ತದೆ, ಸೀರೆಯ ಬಣ್ಣ ಕೆಡಿಸುತ್ತದೆ. ಆದರೆ ಅದು ತಳ್ಳುತ್ತದೆ ಎಂದರೆ ನಂಬುವುದು ಕಷ್ಟ. ಈ ಮಾತನ್ನು ತರಗತಿಯಲ್ಲಿ ಹೇಳಿದಾಗ ಹುಡುಗಿಯೊಬ್ಬಳು, "ಹಂಗಾದ್ರೆ ನಮ್ಮವ್ವ ಒಣಗಾಕಿದ ಸಂಡಿಗೆ ಯಾಕೆ ಹಾರೋಗಲ್ಲ ಮಿಸ್?" ಎಂದು ಕೇಳಿದಳು. ಎಲ್ಲರೂ ನಕ್ಕರು. ಆದರೆ ಅದು ಕೂತು ಲೆಕ್ಕ ಹಾಕಬೇಕಾದ ಪ್ರಶ್ನೆ.

ಬೆಳಕಿಗೆ ತೂಕವಿಲ್ಲ, ಆದರೂ ತಾನು ಬಡಿದ ವಸ್ತುವನ್ನು ಅದು ತುಸು ನೂಕುತ್ತದೆ. ಭೂಮಿಯ ವಾತಾವರಣದಾಚೆ 1 ಚದರ ಮೀಟರ್ ಕನ್ನಡಿಯ ಮೇಲೆ ನೇರವಾಗಿ ಬಿದ್ದ ಬಿಸಿಲಿನ ನೂಕು ಸುಮಾರು 1 ಮಿಲಿಗ್ರಾಂ ತೂಕದಷ್ಟು. ಒಂದು ರಾಗಿ ಕಾಳು ಇದರ ಎರಡೂವರೆ, ಮೂರು ಪಟ್ಟು ತೂಗುತ್ತದೆ. ಇಷ್ಟರಿಂದ ಸಂಡಿಗೆ ಎಲ್ಲಿ ಹಾರೀತು? ಆದರೆ ಗಾಳಿಯೇ ಇಲ್ಲದ ಬಾನಿನಲ್ಲಿ ಈ ನೂಕನ್ನು ತಡೆಯುವವರಿಲ್ಲ. ಹಗಲು ರಾತ್ರಿಯೆಂಬುದಿಲ್ಲದೆ ಅದು ನೂಕುತ್ತಲೇ ಇರುತ್ತದೆ.

ಜಪಾನಿನವರು 2010ರ ಮೇ ತಿಂಗಳಲ್ಲಿ ಇಕಾರೋಸ್ ಎಂಬ ನೌಕೆ ಹಾರಿಸಿ, ಬಾನಿನಲ್ಲಿ ಅದರ ಹಾಯಿ ಬಿಚ್ಚಿದರು. ಅದು 14 ಮೀಟರ್ ಚೌಕದ ಹಾಳೆ. ದಪ್ಪವೋ ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟು ದೊಡ್ಡ ಹಾಯಿಗೆ ಸಿಕ್ಕಿದ ನೂಕು ನಲವತ್ತು ರಾಗಿ ಕಾಳಿನ ತೂಕದಷ್ಟು. ಅಷ್ಟರಿಂದಲೇ ಅದರ ವೇಗ ದಿನದಿನಕ್ಕೂ ಬದಲಾಯಿತು. ಅದೇ ಡಿಸೆಂಬರಿನಲ್ಲಿ ಅದು ಶುಕ್ರಗ್ರಹದ ಪಕ್ಕದಲ್ಲೇ ಹಾದುಹೋಯಿತು.

ಸಾಗಿಸಬಲ್ಲ ನೂಕು ಉರುಳಿಸಲೂ ಬಲ್ಲದು. ಇದನ್ನು ಚೆನ್ನಾಗಿ ಅರಿತವರು ನಮ್ಮ ಪಕ್ಕದ ಹಾಸನದಲ್ಲೇ ಇದ್ದರು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಇನ್ಸಾಟ್ ಉಪಗ್ರಹಗಳನ್ನು ನಿಭಾಯಿಸುವ ಮುಖ್ಯ ನಿಯಂತ್ರಣ ಕೇಂದ್ರ ಅಲ್ಲಿದೆ. ಮೊದಲ ಇನ್ಸಾಟ್‌ಗಳಲ್ಲಿ ಟೆಲಿವಿಷನ್, ಟೆಲಿಫೋನ್ ಕೆಲಸದ ಜೊತೆಗೆ, ರಾತ್ರಿಯಲ್ಲೂ ಮೋಡಗಳನ್ನು ಕಾಣಬಲ್ಲ ಕಣ್ಣೊಂದಿತ್ತು. ಆ ಕಣ್ಣು ಬಹಳ ತಣ್ಣಗಿರಬೇಕು; ಅದರ ಮಗ್ಗುಲಲ್ಲಿ ಬಿಸಿಯಾಗುವ ಸೌರಫಲಕ ಇರಕೂಡದು. ಹಾಗಾಗಿ ಫಲಕಗಳನ್ನೆಲ್ಲ ಒಂದೇ ಪಕ್ಕಕ್ಕೆ ಜೋಡಿಸಿದರು. ಆಗ ಬಿಸಿಲು ಆ ಪಕ್ಕವನ್ನೇ ನೂಕಿ ಉಪಗ್ರಹ ವಾಲತೊಡಗುತ್ತದೆ. ವಾಲಿದಾಗಲೆಲ್ಲ ಇಂಧನ ಬಳಸಿ ನೆಟ್ಟಗೆ ಮಾಡುತ್ತ ಹೋದರೆ ಇಂಧನ ಎಷ್ಟು ದಿನ ಬಂದೀತು?

ಅದಕ್ಕೆ ಕಂಡುಕೊಂಡ ಉಪಾಯ ನಮಗೆ ಹೊಸದೇನಲ್ಲ. ಒಂದು ಸೊಂಟದಲ್ಲಿ ಬಿಂದಿಗೆ ಇಟ್ಟುಕೊಂಡವಳು ಇನ್ನೊಂದು ಕೈಯಲ್ಲಿ ಬಕೆಟ್ ಹಿಡಿದರೆ ನಡಿಗೆ ಹದವಾಗುತ್ತದಲ್ಲವೆ? ಹಾಗೆಯೇ ಎದುರು ಪಕ್ಕಕ್ಕೆ ಉದ್ದನೆಯ ಕಂಬವೊಂದನ್ನು ಚಾಚಿ, ಅದರ ತುದಿಗೆ ಚಿಕ್ಕದೊಂದು ಹಾಯಿ ಕಟ್ಟಿದರು. ಅತ್ತ ಬಿದ್ದಷ್ಟೇ ನೂಕು ಇತ್ತಲೂ ಬಿದ್ದು ಉಪಗ್ರಹ ನೆಟ್ಟಗೆ ನಿಂತಿತು. 1992ರಲ್ಲಿ ಹಾರಿದ ಇನ್ಸಾಟ್-2ಎ ನಮ್ಮ ಬೆಂಗಳೂರಿನಲ್ಲೇ ತಯಾರಾದದ್ದು. ಅದಕ್ಕೂ ಇಂಥ ಹಾಯಿಯಿತ್ತು.

ನಾನು ಮದುವೆಯಾಗಿ ಮಳವಳ್ಳಿ ಸೀಮೆಗೆ ಬಂದ ಹೊಸದು. ಮಂಡ್ಯ, ಮದ್ದೂರಿನ ನಾಲೆಯ ಬಯಲಿನಂತಲ್ಲ ನಮ್ಮ ಹೊಲ. ಮಳೆ ಬಂದರೆ ರಾಗಿ, ಇಲ್ಲದಿದ್ದರೆ ಇಲ್ಲ. ಸಂಜೆ ದೂರದರ್ಶನದ ವಾರ್ತೆಯ ಕೊನೆಗೆ ಇನ್ಸಾಟ್ ತೆಗೆದ ಮೋಡದ ಚಿತ್ರ ತೋರಿಸುತ್ತಿದ್ದರು. ಓದು ಬಾರದ ನಮ್ಮತ್ತೆ ಕೆಲಸ ಬಿಟ್ಟು ಬಂದು ನಿಲ್ಲುತ್ತಿದ್ದರು. "ನಮ್ಮ ಕಡೀಕೂ ಒಂಚೂರು ಬೆಳ್ಳಗೈತೇನವ್ವ, ನೋಡು" ಎನ್ನುತ್ತಿದ್ದರು. ಬಿತ್ತನೆ ರಾಗಿ ಕುಕ್ಕೆಯಲ್ಲಿ ಕಾಯುತ್ತಿತ್ತು. ಆ ಚಿತ್ರದ ಹಿಂದೆ, ಅಷ್ಟೆತ್ತರದಲ್ಲಿ, ಬಿಸಿಲಿಗೆ ಕಟ್ಟಿದ ಒಂದು ಹಾಯಿ ಇದೆಯೆಂದು ಆಗ ನಮ್ಮಿಬ್ಬರಲ್ಲಿ ಯಾರಿಗೆ ಗೊತ್ತಿತ್ತು!

ಶುಕ್ರನತ್ತ ಸಾಗಿದ ಹಾಯಿಗೆ ಲೋಕವೆಲ್ಲ ಹೆಸರು ಬಂತು, ಬರಲೇಬೇಕಾದದ್ದು. ಇನ್ಸಾಟಿನ ಹಾಯಿ ಎಲ್ಲಿಗೂ ಹೋಗಲಿಲ್ಲ. ನಿಂತಲ್ಲೇ ನಿಂತು, ಎದುರು ಪಕ್ಕದ ಭಾರವನ್ನು ವರ್ಷಗಟ್ಟಲೆ ಸರಿದೂಗಿಸಿತು. ಇಂಥ ಹಾಯಿಗಳನ್ನು ಯಾರೂ ಮಾತಾಡಿಸುವುದಿಲ್ಲ. 1982ರ ಏಪ್ರಿಲ್‌ನಲ್ಲಿ ಹಾರಿದ ಮೊದಲನೆಯ ಇನ್ಸಾಟ್-1ಎ ಉಪಗ್ರಹದಲ್ಲಿ ಹಾಯಿ ಬಿಚ್ಚಿಕೊಳ್ಳಲೇ ಇಲ್ಲ. ಬೇರೆ ತೊಂದರೆಗಳೂ ಸೇರಿಕೊಂಡವು, ಸೆಪ್ಟೆಂಬರಿನಲ್ಲಿ ಇಂಧನ ಮುಗಿಯಿತು, ಅಷ್ಟು ದೊಡ್ಡ ಉಪಗ್ರಹವನ್ನು ಕೈಬಿಡಬೇಕಾಯಿತು. ಆ ಹಾಯಿಯ ಬೆಲೆ ಎಲ್ಲರಿಗೂ ತಿಳಿದದ್ದು ಆಗಲೇ.