ಅಡಗಿಸುವವನ ಧರ್ಮ

ಕಳೆದ ಶನಿವಾರ ರಾತ್ರಿ ಊಟ ಮುಗಿಸಿ, ವೈದ್ಯರ ಅಪ್ಪಣೆಯಂತೆ ಎಲೆಯಡಕೆಯನ್ನು ಬಿಟ್ಟಂದಿನಿಂದ ಅದರ ಸ್ಥಾನವನ್ನು ಆಕ್ರಮಿಸಿರುವ ಟ್ಯಾಬ್ಲೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಯಾವುದೋ ಶಾಪಗ್ರಸ್ತ ದುರ್ಗದ ಸಂಗೀತಶಾಲೆಯಲ್ಲಿ ನಾನು ಇಪ್ಪತ್ತು ನಿಮಿಷಗಳಿಂದ ಒಂದು ಬಾಚಣಿಗೆಯನ್ನು ಅರಸುತ್ತಿದ್ದೆ. ಪಟ್ಟಿಯಲ್ಲಿದ್ದ ಹನ್ನೆರಡು ವಸ್ತುಗಳ ಪೈಕಿ ಹನ್ನೊಂದು ಸಿಕ್ಕಿದ್ದುವು; ಮುರಿದ ಪಿಟೀಲು, ತುಕ್ಕು ಹಿಡಿದ ಲಾಳ, ಗೂಬೆಯ ಗರಿ, ಎಲ್ಲಕ್ಕೂ ಗೆರೆ ಬಿದ್ದಿತ್ತು. ಬಾಚಣಿಗೆ ಮಾತ್ರ ಇಲ್ಲ. ಕೊನೆಗೆ ಅದು ಕಂಡದ್ದು ಪಿಯಾನೋದ ಮೇಲೆ. ಬಿಳಿಯ ಮನೆಗಳ ಸಾಲು ಮುಗಿಯುವೆಡೆಯಲ್ಲಿ, ಆ ಮನೆಗಳದೇ ದಂತವರ್ಣವನ್ನು ತಾಳಿ, ತನ್ನ ಹಲ್ಲುಗಳನ್ನು ಅವುಗಳ ಓರಣಕ್ಕೆ ಹೊಂದಿಸಿಕೊಂಡು, ಮೇಣದ ಬತ್ತಿಯ ಬೆಳಕು ನೇರವಾಗಿ ಬೀಳುವಂತೆ, ಯಾವ ತೆರೆಮರೆಯೂ ಇಲ್ಲದೆ ಮಲಗಿತ್ತು. ಇಷ್ಟು ಹೊತ್ತೂ ಅದನ್ನು ನೋಡುತ್ತಲೇ ಇದ್ದೆ. ಪಿಯಾನೋ ಎಂದು ನೋಡುತ್ತಿದ್ದೆ, ಅಷ್ಟೆ. ಆ ಅಜ್ಞಾತ ಚಿತ್ರಕಾರನಿಗೆ ಕುಳಿತಲ್ಲಿಂದಲೇ ಒಂದು ನಮಸ್ಕಾರ ಸಲ್ಲಿಸಿದೆ.

ಅದು ಕಂಡದ್ದು ಹೇಗೆಂಬುದನ್ನು ಹೇಳದಿದ್ದರೆ ನನ್ನ ಅಹಂಕಾರಕ್ಕೆ ತೃಪ್ತಿಯಿಲ್ಲ. ಚಿತ್ರದಲ್ಲಿ ಅಡಗಿಸಿದ ವಸ್ತುಗಳನ್ನು ಹುಡುಕುವ ಈ ಆಟದಲ್ಲಿ ಪಳಗಿದವರು ಚಿತ್ರವನ್ನು ಪಟ್ಟೆಪಟ್ಟೆಯಾಗಿ ವಿಭಾಗಿಸಿಕೊಂಡು ಎಡದಿಂದ ಬಲಕ್ಕೆ, ಹೊಲ ಉತ್ತಂತೆ, ದೃಷ್ಟಿಯನ್ನು ಎಳೆಯುತ್ತಾರೆ. ಇದು ಅರೆಬೆಂದ ವಿದ್ಯೆ. ಬಾಲ್ಯದಿಂದ ಎಡದಿಂದ ಬಲಕ್ಕೆ ಓದಿ ಓದಿ ಸವೆದಿರುವ ಕಣ್ಣು ಅದೇ ಜಾಡಿನಲ್ಲಿ ಜಾರಿಕೊಂಡು ಹೋಗುತ್ತದೆಯೇ ಹೊರತು ಎಲ್ಲಿಯೂ ಎಡವುವುದಿಲ್ಲ. ಎಡವದ ಕಣ್ಣು ಕಾಣುವುದೂ ಇಲ್ಲ. ಬಲದಿಂದ ಎಡಕ್ಕೆ ನೋಡಬೇಕು. ಅದೂ ಸಾಲದಾದಾಗ, ಪರದೆ ತಾನಾಗಿ ತಿರುಗದಂತೆ ಮೊದಲೇ ಕಟ್ಟುಮಾಡಿಟ್ಟುಕೊಂಡು, ಟ್ಯಾಬ್ಲೆಟ್ಟನ್ನು ತಲೆಕೆಳಗಾಗಿ ಹಿಡಿಯಬೇಕು. ಹಾಗೆ ಹಿಡಿದ ಕ್ಷಣದಲ್ಲಿ ಸಂಗೀತಶಾಲೆಯು ಸಂಗೀತಶಾಲೆಯಾಗಿರುವುದನ್ನು ಬಿಡುತ್ತದೆ. ಪಿಯಾನೋ ಪಿಯಾನೋ ಅಲ್ಲ, ಕುರ್ಚಿ ಕುರ್ಚಿಯಲ್ಲ. ಹೆಸರುಗಳೆಲ್ಲ ಕಳಚಿ ಬಿದ್ದು ಬರಿಯ ಆಕಾರಗಳು ಉಳಿಯುತ್ತವೆ, ಮತ್ತು ಆ ಆಕಾರಗಳ ನಡುವೆ, ಸಂತೆಯಲ್ಲಿ ಗುರುತಿನವರ ಮುಖ ಸಿಕ್ಕಂತೆ, ಬಾಚಣಿಗೆಯು ಫಕ್ಕನೆ ಎದ್ದು ತೋರುತ್ತದೆ. ನಾನು ಹೀಗೆ ಹಿಡಿದುಕೊಂಡು ಕುಳಿತಿರುವುದನ್ನು ಕಂಡ ಮನೆಗೆಲಸದಾಕೆ, ಅಯ್ಯನವರಿಗೆ ಓದಲು ಬರುವುದಿಲ್ಲವೇನೋ ಎಂದು ನನ್ನ ಹೆಂಡತಿಯನ್ನು ಕೇಳಿದಳಂತೆ.

ನನ್ನ ಷಡ್ಡಕರಿಗೂ ಇದೇ ಹುಚ್ಚು; ನಮ್ಮಿಬ್ಬರಿಗೂ ಆಗದಿರುವುದಕ್ಕೆ ಕಾರಣವೂ ಅದೇ. ಅವರು ಸುಳಿವಿನ ಗುಂಡಿಯ ಉಪಾಸಕರು. ಒಮ್ಮೆ ಒತ್ತಿದರೆ ಮಿನುಗುವ ಧೂಳು ಹಾರಿಹೋಗಿ ವಸ್ತುವಿನ ಮೇಲೆ ಕುಳಿತುಕೊಳ್ಳುತ್ತದೆ. ಅನಂತರ ಗುಂಡಿಯು ಮತ್ತೆ ತುಂಬಿಕೊಳ್ಳುವವರೆಗೆ ಇವರು ಕಾಫಿ ಹೀರುತ್ತಾ ಕುಳಿತಿರುತ್ತಾರೆ. ಕೇಳಿದರೆ, "ಅಲ್ರೀ, ಸುಳಿವು ಆಟ ಕಟ್ಟಿದವನೇ ಇಟ್ಟಿರೋದಲ್ವೇ? ಕೊಟ್ಟದ್ದನ್ನ ಬೇಡ ಅನ್ನೋಕೆ ನಾವ್ಯಾರು?" ಎನ್ನುತ್ತಾರೆ. ಪರದೆಯ ಉದ್ದಗಲಕ್ಕೂ ಕೋಳಿ ಕಾಳು ಕುಕ್ಕಿದಂತೆ ಬೆರಳು ಕುಕ್ಕುವ ಇನ್ನೊಂದು ವರ್ಗವಿದೆ. ಅಂಥವರನ್ನು ಕೆಲವು ಆಟಗಳು ಕ್ಷಣಕಾಲ ತಡೆದು ದಂಡಿಸುತ್ತವೆ, ಆದಕಾರಣ ನಾನು ಅವರನ್ನು ಮತ್ತೆ ದಂಡಿಸುವುದಿಲ್ಲ.

ಆದರೆ ನಿಜವಾದ ಸಿಟ್ಟು ನನಗಿರುವುದು ಆಡುವವರ ಮೇಲಲ್ಲ, ಅಡಗಿಸುವವರ ಮೇಲೆ. 1987ರಲ್ಲಿ ಇಂಗ್ಲೆಂಡಿನ ಚಿತ್ರಕಾರ ಮಾರ್ಟಿನ್ ಹ್ಯಾಂಡ್‌ಫರ್ಡ್ ತನ್ನ ಪುಸ್ತಕದ ಜನಜಂಗುಳಿಯಲ್ಲಿ ಕೆಂಪು ಪಟ್ಟೆಯ ಅಂಗಿಯ ವಾಲಿ ಎಂಬವನನ್ನು ಬಿಟ್ಟಾಗ, ಅಮೆರಿಕದ ವಾಲ್ಟರ್ ವಿಕ್ ಎಂಬ ಛಾಯಾಗ್ರಾಹಕನು 1992ರಲ್ಲಿ ಹೊರಬಂದ 'ಐ ಸ್ಪೈ' ಪುಸ್ತಕಕ್ಕಾಗಿ ಗೋಲಿ, ಗುಂಡಿ, ಆಟಿಕೆಗಳನ್ನು ಹರವಿ ಚಿತ್ರ ತೆಗೆದಾಗ, ಅವರಿಬ್ಬರ ಆಟವೂ ಧರ್ಮಯುದ್ಧವಾಗಿತ್ತು. ವಿಕ್‌ನ ಕ್ಯಾಮೆರಾದೆದುರು ಇದ್ದ ಗೋಲಿ ನಿಜವಾದ ಗೋಲಿ. ಅದು ತನ್ನ ಸಹಜವಾದ ಬಣ್ಣದಲ್ಲಿ, ಸಹಜವಾದ ಗಾತ್ರದಲ್ಲಿ ಇರಲೇಬೇಕು. 2005ರಲ್ಲಿ ಸಿಯಾಟಲ್‌ನ ಬಿಗ್ ಫಿಶ್ ಸಂಸ್ಥೆಯು 'ಮಿಸ್ಟರಿ ಕೇಸ್ ಫೈಲ್ಸ್: ಹಂಟ್ಸ್‌ವಿಲ್' ಎಂಬ ಆಟವನ್ನು ಹೊರತಂದು ಈ ವಿನೋದವನ್ನು ಗಣಕಯಂತ್ರದ ಮೇಲೆ ಜನಪ್ರಿಯಗೊಳಿಸಿತು, ಅದರ ಹಿಂದೆಯೇ ಮಾಟಗಾತಿಯರೂ ಯಕ್ಷಲೋಕಗಳೂ ಬಂದುವು. 2010ರಲ್ಲಿ ಮೊದಲ್ಗೊಂಡ 'ಡಾರ್ಕ್ ಪ್ಯಾರಬಲ್ಸ್' ಮಾಲೆಯಲ್ಲಿ ವಸ್ತುವನ್ನು ಚೂರುಚೂರು ಮಾಡಿ ಚೆಲ್ಲುತ್ತಾರೆ. ಚೂರುಗಳನ್ನು ಕೂಡಿಸಿದರೆ ಕತ್ತಿಯೋ ಕಿರೀಟವೋ ಆಗುತ್ತದೆ. ಇದೂ ನ್ಯಾಯವೇ, ಏಕೆಂದರೆ ಚೂರು ಚೂರಾಗಿಯಾದರೂ ಸ್ಫುಟವಾಗಿರುತ್ತದೆ. ಇನ್ನು ಕೆಲವರಿದ್ದಾರೆ. ಇವರಿಗೆ ಬಾಚಣಿಗೆಯನ್ನು ಪಿಯಾನೋದ ಮನೆಯೊಡನೆ ಬೆಸೆಯುವ ಬುದ್ಧಿಯಿಲ್ಲ. ಆದ್ದರಿಂದ ಬಾಚಣಿಗೆಯ ಬಣ್ಣವನ್ನು ನೀರಾಗಿಸಿ, ಗೋಡೆಯ ಪಾಚಿಯ ಮೇಲೆ ಹಬೆಯಂತೆ ಬಳಿದುಬಿಡುತ್ತಾರೆ. ಅದು ಅಡಗಿಸುವುದಲ್ಲ, ಅಳಿಸುವುದು. ಹಾಲಿಗೆ ನೀರು ಬೆರೆಸುವವನಿಗೂ ಇವರಿಗೂ ನಾನು ವ್ಯತ್ಯಾಸವನ್ನು ಕಾಣೆ; ಅವನಾದರೂ ಬೆಳಗಿನ ಜಾವ ಎದ್ದು ಮನೆಬಾಗಿಲಿಗೆ ಬರುತ್ತಾನೆ.

ನಮ್ಮ ಪೂರ್ವಿಕರಿಗೆ ಈ ಆಟ ತಿಳಿದಿರಲಿಲ್ಲವಾದರೂ ಇದರ ಧರ್ಮಸೂಕ್ಷ್ಮವು ತಿಳಿದಿತ್ತು. ನೆಲದ ಮೇಲೆ ಮಡಕೆಯಿಲ್ಲವೆಂಬುದನ್ನು ನಾವು ಅರಿಯುವುದು ಹೇಗೆ? ಇಲ್ಲದ್ದು ಕಣ್ಣಿಗೆ ತಾಕುವುದಿಲ್ಲವಷ್ಟೆ. ಕಾಣಿಸದಿರುವುದೇ ಒಂದು ಪ್ರಮಾಣ, ಅದರ ಹೆಸರು ಅನುಪಲಬ್ಧಿ, ಎಂದರು ಭಾಟ್ಟ ಮೀಮಾಂಸಕರು. ಅದ್ವೈತಿಗಳು ಒಪ್ಪಿದರು, ನೈಯಾಯಿಕರು ಬೇರೊಂದು ಪ್ರಮಾಣವೇಕೆಂದು ತಕರಾರು ತೆಗೆದರು. ಆದರೆ ಕಾಣಿಸಲಿಲ್ಲವೆಂದ ಮಾತ್ರಕ್ಕೆ ಇಲ್ಲವೆನ್ನುವಂತಿಲ್ಲ. ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬಂಥ ಯೋಗ್ಯತೆ ಆ ವಸ್ತುವಿಗಿರಬೇಕು. ಕತ್ತಲೆಯ ಕೋಣೆಯಲ್ಲಿ ಮಡಕೆ ಕಾಣದಿದ್ದರೆ ಅದು ಇಲ್ಲವೆಂದಾಗುವುದಿಲ್ಲ. ಪಿಶಾಚವಂತೂ ಕಣ್ಣಿಗೆ ಬೀಳುವ ವಸ್ತುವೇ ಅಲ್ಲವಾದ್ದರಿಂದ ಹಗಲಿನಲ್ಲಿ ಅದು ಕಾಣಲಿಲ್ಲವೆಂಬುದರಿಂದ ಯಾವುದೂ ಸಿದ್ಧಿಸದು. ನನ್ನ ದೂರು ಇಷ್ಟೆ: ಈ ಅಳಿಸುವವರ ಆಟದಲ್ಲಿ ಪಿಶಾಚಗಳು ನೀಲಿ ಪ್ರಭೆಯಿಂದ ಬೆಳಗುತ್ತಾ, ಎದುರಿಗೆ ಬಂದು, ತಮ್ಮ ಕಷ್ಟವನ್ನು ಇಂಗ್ಲಿಷಿನಲ್ಲಿ ವಿವರವಾಗಿ ನಿವೇದಿಸಿಕೊಳ್ಳುತ್ತವೆ, ಬಾಚಣಿಗೆಯನ್ನು ಮಾತ್ರ ಪಿಶಾಚವನ್ನಾಗಿ ಮಾಡಿಟ್ಟಿರುತ್ತಾರೆ.

ಚಾಕುವಿನ ವಿಷಯವನ್ನು ಎತ್ತಬಾರದೆಂದಿದ್ದೆ, ಎತ್ತದಿರಲಾರೆ. ಪೋಲೆಂಡಿನ ಜಾಬ್ಜೆ ನಗರದ ಆರ್ಟಿಫೆಕ್ಸ್ ಮುಂಡಿ ಎಂಬ ಸಂಸ್ಥೆಯವರು 2014ರಲ್ಲಿ ಹೊರತಂದ 'ಗ್ರಿಮ್ ಲೆಜೆಂಡ್ಸ್' ಮಾಲೆಯ ಮೊದಲ ಆಟದಲ್ಲಿ, ಮದುವೆಯ ಮನೆಯಿಂದ ವಧುವನ್ನು ಕರಡಿಯೊಂದು ಹೊತ್ತೊಯ್ಯುತ್ತದೆ. ಅವಳ ಅವಳಿ ಸೋದರಿಯಾಗಿ ನಾವು ಹುಡುಕಹೊರಡಬೇಕು. ಸ್ಲಾವ್ ಜನಪದ ಕಥೆಗಳ ಆ ಕಾಡು, ಆ ಮಂಜು, ನೋಡಿ ತಣಿಯದ ಸೊಗಸು. ಆದರೆ ಈ ಜಾತಿಯ ಆಟಗಳಲ್ಲಿ ಒಂದು ಕುಲಾಚಾರವಿದೆ: ಪಾಡುಪಟ್ಟು ಸಂಪಾದಿಸಿದ ಚಾಕುವಿನಿಂದ ಒಂದು ಹಗ್ಗವನ್ನು ಕತ್ತರಿಸಿದೊಡನೆಯೇ ಆ ಚಾಕು ಮಾಯವಾಗುತ್ತದೆ, ಮುಂದಿನ ಕೋಣೆಯಲ್ಲಿ ಇನ್ನೊಂದು ಹಗ್ಗ ಕಾದಿರುತ್ತದೆ. ತಂಗಿಯನ್ನು ಕರಡಿ ಹೊತ್ತೊಯ್ದಿರುವಾಗ ಕೈಯಲ್ಲಿದ್ದ ಚಾಕುವನ್ನು ಎಸೆದುಹೋಗುವ ಅಕ್ಕ ಯಾವ ಲೋಕದಲ್ಲಿದ್ದಾಳೆ? ನಮ್ಮ ಅಜ್ಜಿ ಮುರಿದ ಈಳಿಗೆಮಣೆಯನ್ನೂ ಅಟ್ಟಕ್ಕೆ ಸೇರಿಸಿ ಇಟ್ಟವರು.

ಅಟ್ಟವೆಂದಾಗ ನನ್ನ ಗುಪ್ತಯೋಜನೆಯೊಂದು ನೆನಪಾಗುತ್ತದೆ. ಈ ಆಟಗಳ ಪಟ್ಟಿಗಳಲ್ಲಿ ಇಂಗ್ಲಿಷ್ ಮಾತಿನ ಶ್ಲೇಷೆಯೂ ಒಂದು ಅಡಗುದಾಣ. 'ಕ್ರೇನ್' ಎಂದಿರುತ್ತದೆ; ಕೊಕ್ಕರೆಯನ್ನು ಅರ್ಧಗಂಟೆ ಅರಸಿದ ಮೇಲೆ ಭಾರವೆತ್ತುವ ಯಂತ್ರವೊಂದು ಕಿಟಕಿಯಾಚೆ ನಿಂತಿರುತ್ತದೆ. ಕನ್ನಡದಲ್ಲಿ ಈ ಆಟವನ್ನು ಕಟ್ಟುವುದಾದರೆ ನಮ್ಮ ಅಜ್ಜಿಯ ಅಟ್ಟವೇ ಮೊದಲನೆಯ ದೃಶ್ಯ: ಕಡಗೋಲು, ಬಳ್ಳ, ಚನ್ನೆಮಣೆ, ಹಿತ್ತಾಳೆಯ ಗಿಂಡಿ, ಕಂಚಿನ ದೀಪದ ಕಂಬ, ಮಾವಿನಕಾಯಿ ಕೊಯ್ಯುವ ದೋಟಿ, ಮೂಲೆಯಲ್ಲಿ ಒರಗಿಸಿದ ಹಳೆಯ ಅಂಗಡಿಯ ಹಲಗೆ. ಪಟ್ಟಿಯಲ್ಲಿ 'ಗರಿ' ಎಂದರೆ ನವಿಲಿನದನ್ನು ಹುಡುಕುವವನಿಗೆ ತೆಂಗಿನದು. 'ಕಾಲು' ಎಂದರೆ ಮಂಚದ್ದು. ಕೊನೆಯ ವಸ್ತು 'ಕೊಂಬು'. ಎತ್ತಿನ ಕೊಂಬು ಇರುವುದಿಲ್ಲ, ಜಾತ್ರೆಯಲ್ಲಿ ಊದುವ ಕೊಂಬೂ ಇರುವುದಿಲ್ಲ. ಅಂಗಡಿಯ ಹಲಗೆಯ ಮೇಲೆ ಹಳದಿ ಬಣ್ಣದಲ್ಲಿ, ಗೇಣುದ್ದದ ಅಕ್ಷರಗಳಲ್ಲಿ 'ಕುಂಕುಮ' ಎಂದು ಬರೆದಿರುತ್ತದೆ. ಅದರ ಮೊದಲ ಅಕ್ಷರದ ಬಲಬದಿಯಲ್ಲಿ ಬಾಗಿ ನಿಂತಿರುವ ಉಕಾರದ ಕೊಂಬನ್ನು ಮುಟ್ಟಬೇಕು.

ಇದನ್ನು ಷಡ್ಡಕರಿಗೆ ವಿವರಿಸಿದಾಗ ಅವರು ಕಾಫಿಲೋಟವನ್ನು ಕೆಳಗಿಟ್ಟು, ಇಂಥ ಮೋಸವನ್ನು ಹುಟ್ಟಿದಾರಭ್ಯ ಕಂಡಿಲ್ಲವೆಂದರು. ಗೇಣುದ್ದವಿದೆ, ಹಳದಿಯ ಬಣ್ಣವಿದೆ, ಮೇಲೆ ಬಿಸಿಲು ಬಿದ್ದಿದೆ, ಒಂದನೆಯ ತರಗತಿಯ ಹುಡುಗನೂ ಅದಕ್ಕೆ ಕೊಂಬೆಂದೇ ಹೇಳುತ್ತಾನೆ ಎಂದು ನಾನು ಯೋಗ್ಯತೆಯ ಪ್ರಕರಣವನ್ನು ಮತ್ತೊಮ್ಮೆ ಆರಂಭಿಸಿದೆ. "ಅದೆಲ್ಲ ಇರಲಿ," ಎಂದರು ಅವರು, "ಕುಂಕುಮದಲ್ಲಿ ಎರಡು ಕೊಂಬಿದೆಯಲ್ಲ. ಎರಡನೇದನ್ನ ಮುಟ್ಟಿದರೆ ಒಪ್ಪುತ್ತೋ ಇಲ್ಲವೋ?"

ಆ ಹಲಗೆಯ ಮೇಲೆ ಬೇರೇನು ಬರೆಸಬೇಕೆಂದು ನಾಲ್ಕು ದಿನಗಳಿಂದ ಯೋಚಿಸುತ್ತಿದ್ದೇನೆ.